ವ್ಯಾಕ್ಯೂಮ್ ಕ್ಲೀನರ್: ಸದ್ದು ಜೋರು, ಎಳೆತ ಕಡಿಮೆ, ಆಮೇಲೆ ತಾನಾಗಿ ನಿಲ್ಲುತ್ತದೆ. ಮೋಟಾರನ್ನೇ ಬದಲಿಸಬೇಕೇ?

ಕಸಬರಿಗೆ:

ನಮ್ಮದು ಚಕ್ರಗಳ ಮೇಲೆ ಹಿಂದೆ ಹಿಂದೆ ಎಳೆದುಕೊಂಡು ಹೋಗುವ, ಒಳಗೆ ಚೀಲವಿರುವ 1600 ವ್ಯಾಟ್‌ನ ಯಂತ್ರ. ಮನೆಯಲ್ಲಿ ವೈರಿಂಗ್‌ಗಾಗಿ ಗೋಡೆ ಕೊರೆದಾಗ ಬಿದ್ದ ಪುಡಿಯನ್ನೆಲ್ಲ ಇದರಿಂದಲೇ ತೆಗೆದಿದ್ದರು. ಅಲ್ಲಿಂದೀಚೆಗೆ ಎಳೆತ ಕುಗ್ಗಿದೆ. ಕಾಗದದ ಚೂರು ಬರುತ್ತದೆ, ಮರಳಿನ ಕಣ ಅಲ್ಲೇ ಉಳಿಯುತ್ತದೆ. ಸದ್ದು ಮಾತ್ರ ಮೊದಲಿಗಿಂತ ಕೀರಲು. ಒಂದು ಕೋಣೆ ಮುಗಿಯುವ ಹೊತ್ತಿಗೆ ಠಪ್ಪೆಂದು ನಿಲ್ಲುತ್ತದೆ; ಮುಕ್ಕಾಲು ಗಂಟೆ ಬಿಟ್ಟು ಹಾಕಿದರೆ ಏನೂ ಆಗದಂತೆ ಓಡುತ್ತದೆ. ಕತ್ತಲಲ್ಲಿ ನೋಡಿದರೆ ಹಿಂಬದಿಯ ಜಾಲರಿಯೊಳಗೆ ಕಿಡಿ ಕಾಣುತ್ತದೆ.

ಚೀಲ ಹೊಸದು. ದುರಸ್ತಿಯವರು ಮುಚ್ಚಳವನ್ನೂ ಬಿಚ್ಚದೆ ‘ಮೋಟಾರು ಹೋಗಿದೆ, ಹೊಸದು ಹಾಕಬೇಕು’ ಎಂದರು. ನನ್ನ ಬಳಿ ಮಲ್ಟಿಮೀಟರ್ ಇದೆ, ಸ್ಕ್ರೂಡ್ರೈವರ್ ಹಿಡಿಯಲು ಅಂಜಿಕೆ ಇಲ್ಲ. ಕೆಟ್ಟಿರುವುದು ಯಾವುದೆಂದು ಖಚಿತ ಮಾಡಿಕೊಳ್ಳುವುದು ಹೇಗೆ?

ಸೀರೀಸ್ ಬಲ್ಬ್:

ತಣ್ಣಗಾದ ಮೇಲೆ ಮತ್ತೆ ಓಡುತ್ತದೆ ಎಂದರೆ ಥರ್ಮಲ್ ಕಟಾಫ್ (ಬಿಸಿ ಮಿತಿಮೀರಿದಾಗ ವಿದ್ಯುತ್ ಕಡಿಯುವ ಸ್ವಿಚ್) ತನ್ನ ಕೆಲಸ ಮಾಡುತ್ತಿದೆ. ‘ಅದನ್ನು ತೆಗೆದು ನೇರ ಜೋಡಿಸಿ’ ಎನ್ನುವವರು ಸಿಗುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡಿ. ಅದು ಒಮ್ಮೆ ಕಡಿದರೆ ಮತ್ತೆ ಕೂಡದ ಥರ್ಮಲ್ ಫ್ಯೂಸ್ ಆಗಿದ್ದಿದ್ದರೆ ಯಂತ್ರ ಸತ್ತೇ ಬಿದ್ದಿರುತ್ತಿತ್ತು. ಹಾಗಾಗಿ ಕಟಾಫ್ ಕೆಟ್ಟಿಲ್ಲ, ಬಿಸಿ ಏಕೆ ಏರುತ್ತಿದೆ ಎಂದು ಹುಡುಕಿ.

ಹಳೆಯ ವೈಂಡರ್:

ಕಸಬರಿಗೆಯವರೇ, ಮುಚ್ಚಳ ಬಿಚ್ಚದೆ ಮೋಟಾರು ಹೋಗಿದೆ ಎನ್ನುವವರನ್ನು ಕಂಡರೆ ನನಗೆ ಆಗುವುದಿಲ್ಲ. ಬದುಕಿನ ಬಹುಪಾಲು ಆರ್ಮೇಚರ್ (ಮೋಟಾರಿನೊಳಗೆ ತಿರುಗುವ, ತಂತಿಯ ಸುರುಳಿಗಳ ಭಾಗ) ಸುತ್ತುವುದರಲ್ಲೇ ಕಳೆದವನು ನಾನು. ಈ ಯಂತ್ರಗಳಲ್ಲಿ ಮೋಟಾರು ತಾನಾಗಿ ಸಾಯುವುದು ಕಡಿಮೆ. ಬೇರೆ ಯಾವುದೋ ಭಾಗ ಅದನ್ನು ಸಾಯಿಸುತ್ತದೆ. ಆ ಭಾಗವನ್ನು ಹಿಡಿಯದೆ ಮೋಟಾರು ಬದಲಿಸಿದರೆ ಹೊಸದಕ್ಕೂ ಅದೇ ಗತಿ.

ಮೊದಲು ಸದ್ದು. ಕೀರಲು ಧ್ವನಿ ಕೇಳಿದವರು ‘ಪಾಪ, ಮೋಟಾರು ಕಷ್ಟಪಡುತ್ತಿದೆ’ ಎನ್ನುತ್ತಾರೆ. ನಿಜಸಂಗತಿ ತಿರುಗುಮುರುಗು. ದಾರಿ ಕಟ್ಟಿದಾಗ ಫ್ಯಾನಿಗೆ ನೂಕಲು ಗಾಳಿಯೇ ಸಿಗುವುದಿಲ್ಲ, ಹೊರೆ ಇಳಿಯುತ್ತದೆ, ವೇಗ ಏರುತ್ತದೆ, ಸದ್ದು ಕೀರಲಾಗುತ್ತದೆ. ಪೈಪಿನ ಬಾಯಿಗೆ ಅಂಗೈ ಒತ್ತಿ ಹಿಡಿದು ನೋಡಿ, ಇದೇ ಸದ್ದು ಬರುತ್ತದೆ. ಆದ್ದರಿಂದ ಎಳೆತ ಕಡಿಮೆ, ಸದ್ದು ಕೀರಲು ಎಂದರೆ ಎಲ್ಲೋ ಅಡ್ಡಿ ಇದೆ. ಎಳೆತ ಕಡಿಮೆ, ಸದ್ದು ಮಾತ್ರ ಎಂದಿನಂತೆ ಎಂದರೆ ಎಲ್ಲೋ ಸೋರಿಕೆ: ಸೀಳಿದ ಪೈಪು, ಸರಿಯಾಗಿ ಕೂರದ ಮುಚ್ಚಳ, ಮೋಟಾರಿನ ಕೊರಳಿನ ರಬ್ಬರ್ ಗ್ಯಾಸ್ಕೆಟ್ ಜರುಗಿರುವುದು. ಸದ್ದು ತಗ್ಗಿ ಗೊರಗೊರ ಎಂದರೆ ಆಗ ಮೋಟಾರಿನ ಕಡೆ ತಿರುಗಬೇಕು.

ಇದರ ಜೊತೆಗೆ ಇನ್ನೊಂದನ್ನು ತಿಳಿದಿರಬೇಕು. ಒಣ ಕಸಕ್ಕೆ ಮಾತ್ರ ಮಾಡಿದ ಬಹುಪಾಲು ಯಂತ್ರಗಳಲ್ಲಿ ಮೋಟಾರು ತಂಪಾಗುವುದು ಅದು ಎಳೆದುಕೊಂಡ ಗಾಳಿಯಿಂದಲೇ. ದಾರಿ ಕಟ್ಟಿತೋ, ತಂಪು ನಿಂತಿತು. ನೀರನ್ನೂ ಎಳೆಯುವ ಯಂತ್ರಗಳಲ್ಲಿ ತಂಪಿಗೆ ಬೇರೆ ಗಾಳಿದಾರಿ ಇರುತ್ತದೆ, ನಿಮ್ಮದರಲ್ಲಿ ಅದಿರಲಿಕ್ಕಿಲ್ಲ. ಗೋಡೆಯ ಪುಡಿ, ಬೂದಿ, ಸಿಮೆಂಟು ಇವು ಮನೆಯ ದೂಳಿನಂತಲ್ಲ. ಚೀಲದ ಸೂಕ್ಷ್ಮರಂಧ್ರಗಳನ್ನು ಮುಚ್ಚಿಬಿಡುತ್ತವೆ. ತಪ್ಪಿಸಿಕೊಂಡದ್ದು ಮೋಟಾರಿನ ಮುಂದಿನ ಫಿಲ್ಟರಿನಲ್ಲಿ ಕೂರುತ್ತದೆ, ಅದನ್ನೂ ದಾಟಿದ್ದು ಬೇರಿಂಗಿನೊಳಗೆ ಹೋಗುತ್ತದೆ. ಚೀಲ ಹೊಸದಾಗಿದ್ದೂ ಎಳೆತ ಬಾರದಿರುವುದಕ್ಕೆ ನನ್ನ ಅನುಮಾನ ಆ ಫಿಲ್ಟರಿನ ಮೇಲೆ.

ಈಗ ಪರೀಕ್ಷೆ. ಪೈಪನ್ನು ಕಳಚಿ, ಯಂತ್ರದ ಬಾಯಿಗೇ ಅಂಗೈ ಒಡ್ಡಿ. ಇಲ್ಲಿ ಎಳೆತ ಬಲವಾಗಿದ್ದರೆ ಅಡ್ಡಿ ಪೈಪಿನಲ್ಲೋ ಮುಂದಿನ ಬ್ರಷ್ಷಿನಲ್ಲೋ ಇದೆ. ಪೈಪನ್ನು ನೆಟ್ಟಗೆ ಎತ್ತಿ ಹಿಡಿದು ಗೋಲಿಯೊಂದನ್ನು ಬಿಡಿ, ಕೆಳಗೆ ಬೀಳದಿದ್ದರೆ ಅಲ್ಲೇ ಸಿಕ್ಕಿಕೊಂಡಿದೆ. ಇಲ್ಲಿಯೂ ಎಳೆತವಿಲ್ಲದಿದ್ದರೆ ಚೀಲವನ್ನೂ ಮೋಟಾರಿನ ಮುಂದಿನ ಮತ್ತು ಹಿಂಬದಿಯ ಎರಡೂ ಫಿಲ್ಟರುಗಳನ್ನೂ ತೆಗೆದು ಒಂದೇ ಕ್ಷಣ ಚಾಲೂ ಮಾಡಿ. ಒಂದು ಕ್ಷಣಕ್ಕಿಂತ ಹೆಚ್ಚು ಬೇಡ. ಎಳೆತ ಮರಳಿತೇ? ಮೋಟಾರು ಬದುಕಿದೆ.

ಆಮೇಲೆ ಪ್ಲಗ್ ಕಿತ್ತು, ಅದನ್ನು ಕಣ್ಣೆದುರಿಗೇ ಇಟ್ಟುಕೊಂಡು ಮೋಟಾರು ಬಿಚ್ಚಿ. ಕಾರ್ಬನ್ ಬ್ರಷ್‌ಗಳು (ತಿರುಗುವ ಭಾಗಕ್ಕೆ ವಿದ್ಯುತ್ ಮುಟ್ಟಿಸುವ ಕಪ್ಪು ತುಂಡುಗಳು) ಎದುರುಬದುರು ಎರಡು ಇರುತ್ತವೆ. ಸವೆದು ಉಳಿದ ಉದ್ದ ಸುಮಾರು 6 ಮಿ.ಮೀ.ಗಿಂತ ಕಡಿಮೆಯಾಗಿದ್ದರೆ ಎರಡನ್ನೂ ಬದಲಿಸಿ, ಒಂದನ್ನು ಮಾತ್ರ ಬದಲಿಸುವ ಜಿಪುಣತನ ಬೇಡ. ಫ್ಯಾನನ್ನು ಕೈಯಲ್ಲಿ ತಿರುಗಿಸಿ: ಕರಕರ ಎಂದರೆ, ಅಲುಗಾಡಿದರೆ ಬೇರಿಂಗ್ ಹೋಗಿದೆ. ಕಾರ್ಬನ್ ಉಜ್ಜುವ, ತಾಮ್ರದ ಪಟ್ಟಿಗಳಿರುವ ದುಂಡಗಿನ ಭಾಗವೇ ಕಮ್ಯುಟೇಟರ್. ಅದರ ತಾಮ್ರ ಕಂದುಬಣ್ಣಕ್ಕೆ ತಿರುಗಿ ನಯವಾಗಿದ್ದರೆ ಚೆನ್ನ. ಒಂದೆರಡು ಪಟ್ಟಿಗಳು ಮಾತ್ರ ಸುಟ್ಟು ಕಪ್ಪಾಗಿದ್ದರೆ ಸುರುಳಿ ಕಡಿದಿದೆ, ಅಲ್ಲಿಗೆ ಮೋಟಾರಿನ ಆಸೆ ಬಿಡಿ. ಕಿಡಿಯೂ ಅಷ್ಟೇ. ಕಾರ್ಬನ್ ತುದಿಯಲ್ಲಿ ಪುಟ್ಟ ನೀಲಿ ಕಿಡಿ ಇದ್ದೇ ಇರುತ್ತದೆ, ಗಾಬರಿ ಬೇಡ. ಕಮ್ಯುಟೇಟರಿನ ಸುತ್ತ ಕಿತ್ತಳೆ ಬಣ್ಣದ ಬಳೆ ತೊಡಿಸಿದಂತೆ ಬೆಂಕಿ ಸುತ್ತಿದರೆ ಅದು ಬೇರೆ ಮಾತು.

ಸೀರೀಸ್ ಬಲ್ಬ್:

ವೈಂಡರ್ ಅವರು ವಯರನ್ನು ಬಿಟ್ಟರು! ಇಂಥ ಯಂತ್ರಗಳು ನಡುನಡುವೆ ನಿಲ್ಲುವುದಕ್ಕೆ ವಯರು ಸುತ್ತುವ ಗಾಲಿಯೂ ಕಾರಣವಾಗುತ್ತದೆ. ಗಾಲಿಯ ಪಕ್ಕದ ತಾಮ್ರದ ಬಳೆಗಳ ಮೇಲೆ ಒರೆಸುವ ಸಂಪರ್ಕಗಳು ಕಪ್ಪಾಗುತ್ತವೆ. ವಯರನ್ನು ಎಳೆದು ಅಲುಗಾಡಿಸಿದಾಗ ಯಂತ್ರ ಮಿಣುಕಿದರೆ ಅದೇ. ಆದರೆ ಗಾಲಿಯನ್ನು ಕಳಚಬೇಡಿ, ಒಳಗಿನ ಸ್ಪ್ರಿಂಗ್ ಚಿಮ್ಮಿದರೆ ಬೆರಳು ಕತ್ತರಿಸುತ್ತದೆ. ಗಾಲಿಯನ್ನು ಇಡಿಯಾಗಿ ಬದಲಿಸಿ. ಇನ್ನೊಂದು: ವಯರಿನ ಮೇಲಿನ ಹಳದಿ ಗುರುತು ಕಾಣುವವರೆಗೂ ಹೊರಗೆಳೆದೇ ಓಡಿಸಬೇಕು, ಸುತ್ತಿದ್ದಂತೆಯೇ ಓಡಿಸಿದರೆ ಒಳಗೆ ಬಿಸಿಯಾಗುತ್ತದೆ.

ಹಳೆಯ ವೈಂಡರ್:

ವಯರಿನ ಮಾತು ಒಪ್ಪಿದೆ. ಆದರೆ ಇವರ ಯಂತ್ರ ತಣ್ಣಗಾಗಲು ಮುಕ್ಕಾಲು ಗಂಟೆ ಕೇಳುತ್ತಿದೆ. ವಯರಿನ ದೋಷವಿದ್ದರೆ ಅಲುಗಾಡಿಸಿದ ಕೂಡಲೇ ಓಡುತ್ತಿತ್ತು.

ಕಸಬರಿಗೆ:

ಬಿಚ್ಚಿದೆ. ಗೋಲಿ ಸಲೀಸಾಗಿ ಬಿತ್ತು, ಯಂತ್ರದ ಬಾಯಲ್ಲೂ ಎಳೆತ ಇರಲಿಲ್ಲ. ಚೀಲದ ಹಿಂದೆ, ಪ್ಲಾಸ್ಟಿಕ್ ಜಾಲರಿಯ ಕೆಳಗೆ ಸ್ಪಂಜಿನ ತುಂಡೊಂದಿದೆ ಎಂಬುದೇ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದು ಸ್ಪಂಜು ಎನ್ನಿಸುವಂತೆಯೂ ಇರಲಿಲ್ಲ: ಬೂದುಬಣ್ಣ, ಬೆರಳಿನಿಂದ ಒತ್ತಿದರೆ ತಗ್ಗಾಗದಷ್ಟು ಗಟ್ಟಿ, ಮಡಚಿದಾಗ ಅಂಚಿನಿಂದ ಬಿಳಿ ಪುಡಿ ಉದುರಿತು. ಅದನ್ನು ತೆಗೆದು ಒಂದು ಕ್ಷಣ ಓಡಿಸಿದರೆ ಎಳೆತ ಅಂಗೈಯನ್ನು ಬಿಡುತ್ತಿರಲಿಲ್ಲ.

ಕಾರ್ಬನ್‌ಗಳ ಸಂಗತಿ ವಿಚಿತ್ರ. ಒಂದು ಇನ್ನೂ ಉದ್ದವಾಗಿದೆ, ಇನ್ನೊಂದು 5 ಮಿ.ಮೀ. ಮಾತ್ರ. ಉದ್ದದ್ದು ಹಿತ್ತಾಳೆಯ ಗೂಡಿನಲ್ಲಿ ಜಾರುತ್ತಿಲ್ಲ, ಸಿಕ್ಕಿಕೊಂಡಿದೆ. ಫ್ಯಾನು ಸದ್ದಿಲ್ಲದೆ ತಿರುಗುತ್ತದೆ. ಕಮ್ಯುಟೇಟರು ಸುತ್ತಲೂ ಒಂದೇ ಸಮನಾಗಿ ಕಪ್ಪಾಗಿದೆ.

ಹಳೆಯ ವೈಂಡರ್:

ಸಮನಾಗಿ ಕಪ್ಪಾಗಿದ್ದರೆ ಸಂತೋಷ. ಸಿಕ್ಕಿಕೊಂಡ ಕಾರ್ಬನ್ ತಾಮ್ರವನ್ನು ಗಟ್ಟಿಯಾಗಿ ಒತ್ತುವುದಿಲ್ಲ, ನಡುವೆ ಸಂದು ಬೀಳುತ್ತದೆ, ಕಿಡಿ ಹಾರುತ್ತದೆ. ಗೂಡಿನೊಳಗೆ ಅದೇ ಪುಡಿ ಹೊಕ್ಕಿರಬೇಕು. ಒಣ ಬ್ರಷ್ಷಿನಿಂದ ಒರೆಸಿ, ಎಣ್ಣೆ ಮಾತ್ರ ಬಿಡಬೇಡಿ. ಕಮ್ಯುಟೇಟರಿಗೆ ಅತಿ ನಯವಾದ ಗಾಜುಕಾಗದ ಹಿಡಿದು, ಆರ್ಮೇಚರನ್ನು ಕೈಯಿಂದ ತಿರುಗಿಸಿ ಹೊಳಪು ತನ್ನಿ. ಎಮರಿ ಕಾಗದ ಬೇಡ, ಅದರ ಪುಡಿ ಪಟ್ಟಿಗಳ ನಡುವೆ ಕೂತರೆ ವಿದ್ಯುತ್ ಹಾಯುವ ಅಪಾಯವಿದೆ. ಮರದ ಕಡ್ಡಿಯಿಂದ ಪಟ್ಟಿಗಳ ನಡುವಿನ ಗೀರುಗಳಲ್ಲಿ ಕೂತ ಪುಡಿಯನ್ನೂ ಕೆದಕಿ ತೆಗೆಯಿರಿ.

ಹೊಸ ಕಾರ್ಬನ್ ಕೊಳ್ಳುವಾಗ ಯಂತ್ರದ ಹೆಸರು ಹೇಳಿದರೆ ಸಾಲದು. ಹಳೆಯದರ ದಪ್ಪ ಮತ್ತು ಅಗಲವನ್ನು ಅಳೆದು, ಹಳೆಯದನ್ನೇ ಕೈಯಲ್ಲಿ ಒಯ್ಯಿರಿ. ಉದ್ದದಲ್ಲಿ ಸ್ವಲ್ಪ ಹೆಚ್ಚುಕಡಿಮೆ ನಡೆಯುತ್ತದೆ, ದಪ್ಪದಲ್ಲಿ ನಡೆಯುವುದಿಲ್ಲ. ದಪ್ಪ ಹೆಚ್ಚಿದ್ದರೆ ಉಜ್ಜಿ ಕೂರಿಸಬಹುದು, ತೆಳುವಾದದ್ದು ಅಲುಗಾಡಿ ಕಿಡಿ ಕೊಡುತ್ತದೆ.

ಕಸಬರಿಗೆ:

ಅಳೆದೆ: ದಪ್ಪ 6.3, ಅಗಲ 11 ಮಿ.ಮೀ. ಸ್ಪಂಜನ್ನು ತೊಳೆದು ಮತ್ತೆ ಹಾಕಬಹುದೇ?

ಹಳೆಯ ವೈಂಡರ್:

ಗೋಡೆಯ ಪುಡಿ ನೀರು ಕಂಡರೆ ಕೆಸರಾಗಿ ಒಳಗೇ ಮೆತ್ತಿಕೊಳ್ಳುತ್ತದೆ, ಆ ಸ್ಪಂಜನ್ನು ಎಸೆದು ಹೊಸದು ಹಾಕಿ. ಮುಂದೆ ಮನೆಯ ದೂಳಿನಿಂದ ಕಟ್ಟಿದಾಗ ತೊಳೆಯಬಹುದು, ಆದರೆ ಒಂದು ಇಡೀ ದಿನವಾದರೂ ಒಣಗಬೇಕು. ತೇವವಿದ್ದಂತೆ ಹಾಕಿದರೆ ಆ ತೇವವೆಲ್ಲ ಮೋಟಾರಿನ ಪಾಲು. ಹಿಂಬದಿಯ ಹೆಪಾ ಫಿಲ್ಟರನ್ನು (ಹೊರಹೋಗುವ ಗಾಳಿಯಲ್ಲಿನ ಅತಿ ನಯವಾದ ದೂಳು ಹಿಡಿಯುವುದು) ಮರೆಯಬೇಡಿ, ಅದು ಕಾಗದದ್ದಾಗಿದ್ದರೆ ತೊಳೆಯುವಂತಿಲ್ಲ.

ಕಾರ್ಬನ್ ಹಾಕಿದ ಮೇಲೆ ಮೊದಲ ಹತ್ತು ಹದಿನೈದು ನಿಮಿಷ ವೇಗವನ್ನು ತೀರ ಕಡಿಮೆಗಿಟ್ಟು, ಪೈಪಿಲ್ಲದೆ ಓಡಿಸಿ. ಕಾರ್ಬನ್ ತುದಿ ತಾಮ್ರದ ದುಂಡಗಿನ ಮೈಗೆ ಹೊಂದಿಕೊಳ್ಳುವವರೆಗೆ ಕಿಡಿ ಹೆಚ್ಚೇ ಇರುತ್ತದೆ. ಆಮೇಲೆಯೂ ತಗ್ಗದಿದ್ದರೆ ಇಲ್ಲಿ ಬರೆಯಿರಿ, ಆಗ ಸುರುಳಿಯನ್ನು ಮೀಟರಿನಿಂದ ಅಳೆಯುವ ಕ್ರಮ ಹೇಳುತ್ತೇನೆ.