ಡಿ4 ಪೆಟ್ಟು: ಹೊಟ್ಟೆಗೆ ಟೆನ್ಸ್ ಹಚ್ಚಿದ್ರೂ ಸಂಡಾಸ ಸಲೀಸಾಗ್ತಿಲ್ಲ, ಮಷಿನ್ ಕೆಟ್ಟೈತೇನು?

ಸಿಂಧನೂರಿನಣ್ಣ
ನಮಸ್ಕಾರ್ರಿ ಎಲ್ಲರಿಗೂ. ಬೈಕ್ ಆಕ್ಸಿಡೆಂಟಿನಾಗ ನನ್ನ ತಮ್ಮನ ಬೆನ್ನುಹುರಿಗೆ ಪೆಟ್ಟಾಗೇತಿ. ಚೀಟಿಯಾಗ ಡಿ4 ಕಂಪ್ಲೀಟ್ ಅಂತ ಬರದಾರ, ಅಂದ್ರ ಎದಿ ಮಟ್ಟದ ನಾಕನೇ ಮಣಿ ಹತ್ರ ಪೆಟ್ಟು, ಅದರ ಕೆಳಗ ಸ್ಪರ್ಶನೂ ಇಲ್ಲ, ಬೇಕಂದಂಗ ಅಲುಗಾಡ್ಸಾಕೂ ಬರಂಗಿಲ್ಲ. ದಿನ ಬಿಟ್ಟು ದಿನ ಸಪೋಸಿಟರಿ (ಗುದದ್ವಾರದಾಗ ಇಡೋ ಗುಳಿಗಿ) ಇಟ್ಟು ಬೆರಳಿಲೆ ಮಾಡಸ್ತೀವಿ, ತಾಸುಗಟ್ಲೆ ಹಿಡೀತೈತಿ. ಹೊಟ್ಟಿಗೆ ಕರೆಂಟ್ ಕೊಟ್ರ ಲಗೂನ ಆಗ್ತೈತಿ ಅಂತ ಕೇಳಿ, ಅವ್ವ ಮೊಣಕಾಲಿಗೆ ಹಚ್ಚೋ ಟೆನ್ಸ್ ಮಷಿನ್ನ (ನೋವಿಗೆ ಚರ್ಮದ ಮ್ಯಾಲಿಂದ ಸಣ್ಣ ಕರೆಂಟ್ ಕೊಡೋದು) ಹೊಕ್ಕಳದ ಆಜೂಬಾಜೂ ಹಚ್ಚೇವಿ. ಹೊಟ್ಟಿ ಒಂಚೂರೂ ಮಿಸುಕವಲ್ದು. ಅವಗ ಏನೂ ಗೊತ್ತಾಗಂಗಿಲ್ಲ, ಅದಕ್ಕ ಪೂರ್ತಿ ಏರಿಸಿದ್ವಿ. ಈಗ ಒಂದು ಪ್ಯಾಡಿನ ಕೆಳಗ ಕೆಂಪು ಕಲೆ ಬಿದ್ದೈತಿ. ಬ್ಯಾರೆ ಮಷಿನ್ ತರಬೇಕೇನ್ರಿ?

ಫಿಸಿಯೋ ಬಳ್ಳಾರಿ
ಮಷಿನ್ ಆಮೇಲೆ ನೋಡೋಣ, ಮೊದಲು ಆ ಕಲೆ. ಬೆರಳಿಂದ ಒತ್ತಿ ಬಿಡಿ. ಒತ್ತಿದಾಗ ಬೆಳ್ಳಗಾಗದೆ ಕೆಂಪಾಗೇ ಉಳಿದರೆ ಚರ್ಮಕ್ಕೆ ಪೆಟ್ಟಾಗಿದೆ ಅಂತ ಅರ್ಥ, ಡಾಕ್ಟರಿಗೆ ತೋರಿಸಿ. ವಾಸಿಯಾಗೋವರೆಗೆ ಅಲ್ಲಿ ಪ್ಯಾಡ್ ಬೇಡ. "ಚುರುಚುರು ಅನ್ನೋವರೆಗೆ ಏರಿಸಿ" ಅನ್ನೋ ಮಾತು ಸ್ಪರ್ಶ ತಿಳಿಯುವವರಿಗೆ ಮಾತ್ರ.

ನಮ್ಮ ಕಡೆ ಬಿಸಿಲಿಗೆ ಪ್ಯಾಡಿನ ಜೆಲ್ ಬೇಗ ಒಣಗುತ್ತದೆ. ಅಂಚು ಎದ್ದರೆ ಅಂಟಿಕೊಂಡಿರೋ ಅಷ್ಟೇ ಜಾಗದಲ್ಲಿ ಕರೆಂಟೆಲ್ಲ ಹರಿದು ಸುಡುತ್ತದೆ. ಇನ್ನು ನೋವಿನ ಸೆಟ್ಟಿಂಗಿನಲ್ಲಿ ಪಲ್ಸ್ (ಕರೆಂಟಿನ ಒಂದೊಂದು ಮಿಡಿತ) ಕಿರಿದು, ಚರ್ಮದ ನರಕ್ಕಷ್ಟೇ ಸಾಕು. ಹೊಟ್ಟೆ ಸ್ನಾಯು ಬಿಗಿಯಬೇಕಾದರೆ 200–300 ಮೈಕ್ರೋಸೆಕೆಂಡಿನ ಪಲ್ಸ್, 30–50 ಹರ್ಟ್ಜ್ (ಸೆಕೆಂಡಿಗೆ ಅಷ್ಟು ಪಲ್ಸ್), ಕೆಲವು ಸೆಕೆಂಡ್ ಕೊಟ್ಟು ಕೆಲವು ಸೆಕೆಂಡ್ ಬಿಡುವ ಮೋಡ್ ಬೇಕು.

ಎರಡು ಮಾತು ಹೇಳಿ. ಕಾಲು ತಾನಾಗೇ ಸೆಟೆಯುತ್ತವಾ? ಸಂಡಾಸ ಮಾಡಿಸುವಾಗ ತಲೆನೋವು, ಬೆವರು ಏನಾದರೂ?

ಸಿಂಧನೂರಿನಣ್ಣ
ಕಾಲು ಸೆಟೀತಾವ್ರಿ. ಬೆರಳು ಹಾಕಿದ್ರ ಗುದದ್ವಾರನೂ ಬಿಗೀತೈತಿ. ತಲಿ ಸಿಡೀತೈತಿ ಅಂತಾನ, ಮುಖದ ಮ್ಯಾಲೆ ಬೆವರಿನ ಹನಿ ಬರ್ತಾವು. ಸೆಕಿಗೆ ಅಂದ್ಕೊಂಡಿದ್ವಿ.

ಗಾಲಿಕುರ್ಚಿ ಗಂಗಾವತಿ
ಅಣ್ಣಾರ, ಅದು ಸೆಕಿ ಅಲ್ಲ. ನಂದೂ ಡಿ5. ಡಿ6 ಮತ್ತು ಅದರ ಮ್ಯಾಲಿನ ಪೆಟ್ಟಿನವರಿಗೆ ಪೆಟ್ಟಿನ ಕೆಳಗೆ ಏನು ಕಾಡಿದರೂ ಬಿಪಿ ಜಿಗಿಯುತ್ತದೆ. ತುಂಬಿದ ಮೂತ್ರಚೀಲ, ಗಟ್ಟಿ ಮಲ, ಬೆರಳು, ಕರೆಂಟು ಯಾವುದಾದರೂ ಸಾಕು. ನಮ್ಮ ಮಾಮೂಲಿ ಮ್ಯಾಲಿನ ಬಿಪಿನೇ 90–100. ಮೆಡಿಕಲ್ ಅಂಗಡಿಯವ 130 ನೋಡಿ "ನಾರ್ಮಲ್ ಐತಿ" ಅಂದ್ರೆ ನಂಬಬ್ಯಾಡ್ರಿ, ನಮಗದು ಅಪಾಯದ ಲೆಕ್ಕ. ತಲಿ ಸಿಡಿದ ಕೂಡಲೇ ಎಲ್ಲ ನಿಲ್ಲಿಸಿ, ಎಬ್ಬಿಸಿ ಕೂಡಿಸಿ, ಲಾಡಿ-ಬೆಲ್ಟ್ ಸಡಿಲ ಮಾಡಿ, ಮೂತ್ರದ ಪೈಪ್ ಮಡಚಿಕೊಂಡೈತೇನು ನೋಡಿ. ಇಳಿಯದಿದ್ದರೆ ಸೀದಾ ದವಾಖಾನಿಗೆ.

ಫಿಸಿಯೋ ಬಳ್ಳಾರಿ
ಗಂಗಾವತಿಯವರು ಹೇಳಿದ್ದು ನೂರಕ್ಕೆ ನೂರು. ಡಾಕ್ಟರ್ ನೋಡೋವರೆಗೆ ಮನೆಯಲ್ಲಿ ಹೊಟ್ಟೆಗೆ ಕರೆಂಟ್ ಬೇಡ. ಬೆರಳಿಗೆ ಲಿಗ್ನೋಕೇನ್ (ಮರಗಟ್ಟಿಸುವ ಔಷಧ) ಜೆಲ್ ಹಚ್ಚಬಹುದಾ ಅಂತಲೂ ಅವರನ್ನೇ ಕೇಳಿ.

ಕಾಲು ಸೆಟೆಯುವುದು, ಗುದದ್ವಾರ ಬಿಗಿಯುವುದು ಒಳ್ಳೆ ಗುರುತು. ಕೆಳಗಿನ ನರದ ಕೊಂಡಿ ಜೀವಂತ ಇದೆ. ಬೆನ್ನುಹುರಿಯ ತುದಿಯೇ ನಜ್ಜಾಗಿ ಎಲ್ಲ ಜೋತುಬಿದ್ದವರಲ್ಲಿ ಈ ಮಷಿನ್ನುಗಳು ಸ್ನಾಯುವನ್ನು ಅಲುಗಿಸಲಾರವು.

ಹೊಟ್ಟೆ ಬದಲು ಕಾಲಿನ ಟಿಬಿಯಲ್ ನರಕ್ಕೆ (ಹರಡಿನ ಹಿಂದಿನಿಂದ ಪಾದಕ್ಕೆ ಇಳಿಯುವ ನರ) ಕರೆಂಟ್ ಕೊಡಬಹುದಾ ಅಂತ ಡಾಕ್ಟರನ್ನು ಕೇಳಿ ನೋಡಿ, ಒಪ್ಪಿದರೆ ಮಾತ್ರ. ಒಳಗಿನ ಹರಡಿನ (ಪಾದದ ಕೀಲಿನ ಉಬ್ಬಿದ ಎಲುಬು) ಹಿಂದೆ ಒಂದು ಪ್ಯಾಡ್, ಅದರಿಂದ ಸುಮಾರು 10 ಸೆಂ.ಮೀ. ಮೇಲೆ ಇನ್ನೊಂದು; 20 ಹರ್ಟ್ಜ್, 200 ಮೈಕ್ರೋಸೆಕೆಂಡ್, 30 ನಿಮಿಷ. ತಮ್ಮನಿಗೆ ಗೊತ್ತಾಗದಿದ್ದರೇನು, ನಿಮ್ಮ ಕಣ್ಣಿಗೆ ಕಾಣುತ್ತದೆ: ಮೆಲ್ಲಗೆ ಏರಿಸುವಾಗ ಹೆಬ್ಬೆರಳು ಕೆಳಕ್ಕೆ ಮಡಚಿದರೆ ಪ್ಯಾಡ್ ಸರಿಯಾದ ಜಾಗದಲ್ಲಿದೆ. ಅಲ್ಲಿಂದ ಒಂದಿಷ್ಟು ಇಳಿಸಿ ಬಿಡಿ. ಅಲ್ಲೂ ತಲೆನೋವು ಬಂದರೆ ಬಂದ್.

ಫಲ ಒಂದೇ ದಿನಕ್ಕೆ ಕಾಣಲ್ಲ, ಎಲ್ಲರಿಗೂ ಸಿಗೋದೂ ಇಲ್ಲ. 2004ರಲ್ಲಿ ಅಮೆರಿಕದಲ್ಲಿ ಕಾರ್ಸ್ಟನ್ ತಂಡದವರು ಹೊಟ್ಟೆಗೆ ಎಲೆಕ್ಟ್ರೋಡ್ ಬೆಲ್ಟ್ ಕಟ್ಟಿದಾಗ ಮಲ ಹೊರಬರಲು ಹಿಡಿಯುವ ಸಮಯ ತಗ್ಗಿತ್ತು, ಆದರೆ ಅದರಲ್ಲಿದ್ದ ರೋಗಿಗಳು ಬೆರಳೆಣಿಕೆಯಷ್ಟು. ಅಷ್ಟಕ್ಕೇ ದುಬಾರಿ ಮಷಿನ್ ಕೊಳ್ಳುವುದು ನನಗೆ ಸರಿ ಕಾಣಲ್ಲ.

ಸದ್ಯ ಯಾವ ಹೊತ್ತಿಗೆ ಮಾಡಿಸ್ತೀರಿ?

ಸಿಂಧನೂರಿನಣ್ಣ
ಮುಂಜಾನಿ ಎದ್ದ ಕೂಡ್ಲೆ, ಬರೀ ಹೊಟ್ಟೀಲಿ.

ಫಿಸಿಯೋ ಬಳ್ಳಾರಿ
ಅದನ್ನ ಬದಲಿಸಿ. ರೊಟ್ಟಿನೋ ಉಪ್ಪಿಟ್ಟೋ ತಿಂದು, ಬಿಸಿ ಚಾ ಕುಡಿದು 20–30 ನಿಮಿಷದ ಮೇಲೆ ಶುರು ಮಾಡಿ. ಊಟ ಬಿದ್ದಾಗ ದೊಡ್ಡ ಕರುಳು ತಾನೇ ಎಚ್ಚರಗೊಳ್ಳುತ್ತದೆ. ಡಾಕ್ಟರ್ ಹತ್ತಿರ ಹೋಗುವಾಗ ಮಷಿನ್, ಪ್ಯಾಡ್, ತಲೆನೋವು ಬಂದಾಗಿನ ಬಿಪಿ ಬರೆದ ಚೀಟಿ ಮೂರೂ ಒಯ್ಯಿರಿ.