ಹೊಸ ಮನೆಯ ಅಂಗಳಕ್ಕೆ ಕೇಪುಳ: ಗುಡ್ಡೆಯದೋ, ನರ್ಸರಿಯದೋ? ಅನುಭವ ತಿಳಿಸಿ

ಕುಲಶೇಖರ, ಮಂಗಳೂರು (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ಕಳೆದ ವರ್ಷ ಮನೆ ಕಟ್ಟಿಸಿದ್ದೇವೆ. ಕಂಪೌಂಡು ಗೋಡೆಯ ಒಳಬದಿಯಲ್ಲಿ ನಾಲ್ಕು ಕೇಪುಳದ (ಇಕ್ಸೋರಾ) ಗಿಡಗಳನ್ನು ನೆಡುವ ಆಸೆಯಿದೆ. ಅಲ್ಲಿ ಮಧ್ಯಾಹ್ನದವರೆಗೆ ಮಾತ್ರ ಬಿಸಿಲು ಬೀಳುತ್ತದೆ. ನರ್ಸರಿಯಿಂದ ತಂದು ಈಗಾಗಲೇ ನೆಟ್ಟಿರುವ ಎರಡು ಗಿಡಗಳ ಚಿಗುರು ಹಳದಿಗಟ್ಟಿದೆ. ಗುಡ್ಡೆಯ ಕೇಪುಳವನ್ನೇ ಹಾಕಬೇಕೇ ಅಥವಾ ನರ್ಸರಿಯ ಗಿಡ್ಡ ಜಾತಿಯೇ ಸಾಕೇ ಎಂಬುದನ್ನು ಬೆಳೆಸಿದವರು ದಯವಿಟ್ಟು ತಿಳಿಸಬೇಕು.

ಮಣಿಪಾಲದಿಂದ

ಜಾತಿಯ ಚರ್ಚೆ ಆಮೇಲಿರಲಿ, ಮೊದಲು ಮಣ್ಣಿನ ಮಾತು. ನಮ್ಮದು ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡೆ. ಇಲ್ಲಿ ಕೇಪುಳ ಯಾರೂ ನೆಡದೆ ತಾನಾಗಿ ಬೆಳೆಯುವ ಗಿಡ. ಹಾಗಿದ್ದೂ ನಮ್ಮ ಅಂಗಳದಲ್ಲಿ ಅದು ಬದುಕಲಿಲ್ಲ, ಏಕೆಂದರೆ ಮನೆ ಕಟ್ಟಿದ ಗುತ್ತಿಗೆದಾರರು ಉಳಿದ ಗಾರೆ, ಗಟ್ಟಿಯಾದ ಸಿಮೆಂಟು, ಒಡೆದ ಟೈಲ್ಸುಗಳನ್ನೆಲ್ಲ ಗೋಡೆಯ ಬುಡಕ್ಕೆ ತಳ್ಳಿ, ಮೇಲೆ ನಾಲ್ಕು ಬೆರಳು ದಪ್ಪಕ್ಕೆ ಕೆಂಪು ಮಣ್ಣು ಹರಡಿ ಹೋಗಿದ್ದರು. ಕೇಪುಳಕ್ಕೆ ಹುಳಿ ಮಣ್ಣು ಬೇಕು. ರಸಸಾರ (pH) 5ರಿಂದ 6ರ ಆಸುಪಾಸಿನಲ್ಲಿದ್ದರೆ ಅದಕ್ಕೆ ಹಿತ. ಸಿಮೆಂಟಿನ ಸುಣ್ಣದ ಅಂಶ ಮಳೆಯಲ್ಲಿ ಕರಗಿ ಬುಡಕ್ಕಿಳಿದರೆ, ಮಣ್ಣಿನಲ್ಲಿ ಕಬ್ಬಿಣ ಎಷ್ಟೇ ಇದ್ದರೂ ಬೇರಿಗೆ ಸಿಗುವುದಿಲ್ಲ. ಆಗ ಎಳೆಯ ಎಲೆ ಹಳದಿಯಾಗಿ, ನರಗಳು ಮಾತ್ರ ಹಸಿರು ಗೆರೆಗಳಾಗಿ ಎದ್ದು ಕಾಣುತ್ತವೆ.

ಇದನ್ನು ತಿಳಿಸದ ಗೊಬ್ಬರದ ಅಂಗಡಿಯವರು ಒಂದರ ಮೇಲೊಂದು ಪೊಟ್ಟಣ ಕೊಟ್ಟು 1,790 ರೂಪಾಯಿ ತೆಗೆದುಕೊಂಡರು. ಕೊನೆಗೆ ಎರಡಡಿ ಆಳಕ್ಕೆ ಅಗೆಸಿದೆವು. ಇಬ್ಬರು ಆಳುಗಳ ಕೂಲಿ 4,000, ಕಸ ಸಾಗಿಸಿದ ಟೆಂಪೋಗೆ 1,800, ಒಂದು ಪಿಕಪ್ ಗುಡ್ಡೆಯ ಮಣ್ಣಿಗೆ 3,200, ಹೀಗೆ 9,000 ರೂಪಾಯಿ ಬರಿಯ ಮಣ್ಣಿಗೇ ಹೋಯಿತು. ಚಿಗುರು ಹಸಿರಾಗುವವರೆಗೆ ಲೀಟರು ನೀರಿಗೆ ಐದು ಗ್ರಾಮ್ ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಮತ್ತು ಸ್ವಲ್ಪ ನಿಂಬೆರಸ ಬೆರೆಸಿ ಸಂಜೆಯ ಹೊತ್ತು ಎಲೆಗೆ ಸಿಂಪಡಿಸಿದೆವು. ಇಂದು ನಮ್ಮ ಗಿಡಗಳನ್ನು ನೋಡಿದವರು ನಿಂತು ಮಾತನಾಡಿಸಿಯೇ ಹೋಗುತ್ತಾರೆ.

ಉಳ್ಳಾಲದಿಂದ

ಮಣಿಪಾಲದ ಅಕ್ಕನವರು ಅನ್ನಭೇದಿಯ ಹೆಸರು ಹೇಳಿದರು, ಅದರ ಕಲೆಯ ಬಗ್ಗೆ ಒಂದು ಮಾತೂ ಬರೆಯಲಿಲ್ಲ. ನಮ್ಮ ಅಂಗಳಕ್ಕೆ ಹಾಸಿದ ತಿಳಿಬಣ್ಣದ ಕಲ್ಲಿನ ಮೇಲೆ ಅದರ ನೀರು ಹರಿದು, ಒಣಗಿದ ಮೇಲೆ ತುಕ್ಕಿನ ಬಣ್ಣದ ಪಟ್ಟೆಗಳು ಉಳಿದವು. ತಿಕ್ಕಿದರೂ ಹೋಗಲಿಲ್ಲ, ಆಸಿಡ್ ಹಾಕಿದಲ್ಲಿ ಕಲ್ಲಿನ ಹೊಳಪೇ ಹೋಯಿತು. ಅಷ್ಟು ಕಲ್ಲುಗಳನ್ನು ಬದಲಿಸಲು ಮೇಸ್ತ್ರಿ 14,500 ರೂಪಾಯಿ ಕೇಳಿದ್ದಾರೆ.

ಮಣ್ಣು ಬದಲಿಸಿದರೆ ಎಲ್ಲವೂ ಸರಿಹೋಗುತ್ತದೆ ಎನ್ನುವುದು ಗುಡ್ಡೆಯ ಮೇಲಿರುವವರ ಮಾತು. ಕಡಲ ಬದಿಯಲ್ಲಿ ನೆಲವೇ ಹೊಯಿಗೆ (ಮರಳು), ಆ ಹೊಯಿಗೆಯಲ್ಲಿ ಚಿಪ್ಪಿನ ಚೂರು, ಚಿಪ್ಪೆಂದರೆ ಸುಣ್ಣ. ಗುಂಡಿ ತೋಡಿ ಕೆಂಪು ಮಣ್ಣು ತುಂಬಿಸಿದರೂ ಎಪ್ರಿಲ್ ಬಂತೆಂದರೆ ಬಾವಿಯ ನೀರು ಉಪ್ಪಾಗುತ್ತದೆ, ಎಲೆಯ ಅಂಚು ಸುಟ್ಟಂತೆ ಕಂದಾಗಿ ಉದುರುತ್ತದೆ. ಈಗ ನಮ್ಮ ಕೇಪುಳಗಳೆಲ್ಲ ಅರ್ಧಕ್ಕೆ ಕತ್ತರಿಸಿದ ಡ್ರಮ್ಮುಗಳಲ್ಲಿವೆ. ಡ್ರಮ್ಮು ಒಂದಕ್ಕೆ 650 ರೂಪಾಯಿ, ತಳಕ್ಕೆ ತೂತು ಕೊರೆಯಲು ಬೇರೆ ದುಡ್ಡು. ಬೇಸಿಗೆಯಲ್ಲಿ ನಲ್ಲಿ ನೀರನ್ನು ಮಾತ್ರ ಹಾಕುತ್ತೇವೆ.

ಕಾರ್ಕಳದಿಂದ

ಮಣ್ಣು, ಡ್ರಮ್ಮು, ಅನ್ನಭೇದಿ ಎಂದು ಇಷ್ಟು ಬರೆದವರು ಯಾರೂ ತಾವು ನೆಟ್ಟ ಗಿಡ ಯಾವುದೆಂದು ಹೇಳಿಲ್ಲ. ನರ್ಸರಿಯಲ್ಲಿ ಕೇಪುಳವೆಂದು ಮಾರುವ ಗಿಡಗಳಲ್ಲಿ ಎಷ್ಟೋ ನಮ್ಮವಲ್ಲ. ಚೀನಾದ ದಕ್ಷಿಣ ಭಾಗದಿಂದ ಮಲೇಷ್ಯದವರೆಗೆ ಬೆಳೆಯುವ ಇನ್ನೊಂದು ಜಾತಿಯೂ ಅವುಗಳಲ್ಲಿದೆ. ಗುರುತು ಸುಲಭ. ನಮ್ಮ ಕೇಪುಳದ ಎಸಳಿನ ತುದಿ ಚೂಪು, ಅದರದು ದುಂಡು. ನಮ್ಮದರ ಎಲೆಗೆ ತೊಟ್ಟು ಇಲ್ಲವೆನ್ನುವಷ್ಟು ಗಿಡ್ಡ, ಎಲೆಯ ಬುಡ ಕೊಂಬೆಯನ್ನು ಅಪ್ಪಿಕೊಂಡಂತಿರುತ್ತದೆ. ದೈವದ ಅಲಂಕಾರಕ್ಕೆ, ದೇವಿಯ ಪೂಜೆಗೆ, ಮನೆಯ ತಂಬುಳಿಗೆ ನಮ್ಮ ಹಿರಿಯರು ಬಳಸಿದ್ದು ಗುಡ್ಡೆಯ ಕೇಪುಳವನ್ನೇ. ಅದರ ಹಣ್ಣನ್ನು ಮಕ್ಕಳೂ ತಿನ್ನುತ್ತಿದ್ದರು, ಪಿಕಳಾರ ಹಕ್ಕಿಯೂ ತಿನ್ನುತ್ತಿತ್ತು. ಹೂವಿನ ಒಂದೂವರೆ ಇಂಚಿನ ಸಪೂರ ನಳಿಗೆಯ ತಳದಲ್ಲಿರುವ ಮಕರಂದಕ್ಕಾಗಿ ಬರ್ಡ್‌ವಿಂಗ್‌ನಂತಹ ದೊಡ್ಡ ಚಿಟ್ಟೆಗಳು ಇಂದಿಗೂ ನಮ್ಮ ತೋಟಕ್ಕೆ ಬರುತ್ತವೆ.

ಹಾಗೆಂದು ಗುಡ್ಡೆಗೆ ಹಾರೆ ಪಿಕ್ಕಾಸು ಹಿಡಿದು ಹೋಗಬೇಡಿ. ಅದರ ಬೇರು ಮುರಕಲ್ಲಿನ ಬಿರುಕಿನೊಳಗೆ ಇಳಿದಿರುತ್ತದೆ. ಕಿತ್ತು ತಂದ ಗಿಡ ಹೆಚ್ಚಾಗಿ ಸಾಯುತ್ತದೆ, ಗುಡ್ಡೆಯಲ್ಲಿ ಒಂದು ಗಿಡ ಕಡಿಮೆಯೂ ಆಗುತ್ತದೆ. ಮಳೆ ಹಿಡಿದ ಮೇಲೆ ಪೆನ್ಸಿಲ್ ದಪ್ಪದ ಕೊಂಬೆಯಲ್ಲಿ ಒಂದಿಂಚು ತೊಗಟೆ ಸುಲಿದು, ಒದ್ದೆ ತೆಂಗಿನ ನಾರಿನ ಹುಡಿ ಇಟ್ಟು, ಪ್ಲಾಸ್ಟಿಕ್ ಸುತ್ತಿ ಗೂಟಿ ಕಟ್ಟಿದರೆ ಸುಮಾರು ಎರಡು ತಿಂಗಳಲ್ಲಿ ಬೇರು ಕಾಣಿಸುತ್ತದೆ. ಇದಕ್ಕೆ ಖರ್ಚೇ ಇಲ್ಲ. ಮಣಿಪಾಲದವರು 3,200 ಕೊಟ್ಟು ತರಿಸಿದ ಆ ಒಂದು ಪಿಕಪ್ ಮಣ್ಣು ಯಾವ ಗುಡ್ಡೆಯದು, ಅಲ್ಲಿದ್ದ ಕೇಪುಳಗಳು ಎಲ್ಲಿಗೆ ಹೋದವು ಎಂಬುದನ್ನು ಅವರು ಯೋಚಿಸಿದ್ದಾರೆಯೇ?

ಮಣಿಪಾಲದಿಂದ

ಕಾರ್ಕಳದವರೇ, ತಿಳಿಯದೆ ಆರೋಪ ಹೊರಿಸಬೇಡಿ. ಆ ಮಣ್ಣು ಪಕ್ಕದ ಹಿತ್ತಿಲಿನಲ್ಲಿ ಮನೆಯ ಪಂಚಾಂಗಕ್ಕೆಂದು (ಅಡಿಪಾಯಕ್ಕೆಂದು) ತೆಗೆದದ್ದು. ನಾವು ತರಿಸದಿದ್ದರೆ ಅದು ಯಾವುದಾದರೂ ಗದ್ದೆ ತುಂಬಿಸಲು ಹೋಗುತ್ತಿತ್ತು. ನಾನು ಕೊಟ್ಟ ಹಣ ಸಾಗಾಟದ್ದು ಮತ್ತು ತುಂಬಿಸಿದ ಕೂಲಿಯದ್ದು. ನಿಮಗೆ ತೋಟವಿದೆ, ತಾಯಿಗಿಡವಿದೆ, ಅದಕ್ಕೆ ಖರ್ಚಿಲ್ಲ. ಐದು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಿದವರ ಕಷ್ಟ ಬೇರೆ.

ಸುರತ್ಕಲ್‌ನಿಂದ

ಗಿಡ್ಡ ಜಾತಿಯನ್ನು ಪರದೇಶಿಯೆಂದು ತಳ್ಳಿಹಾಕುವವರ ಮಾತಿನಿಂದ ನನಗೆ ನೋವಾಗಿದೆ. ನಮ್ಮ ಮನೆಯ ಮುಂದಿನ ಸಾಲು ಮೊಣಕಾಲೆತ್ತರ ಮೀರುವುದಿಲ್ಲ, ಜಡಿಮಳೆಯ ಕೆಲವು ವಾರ ಬಿಟ್ಟರೆ ವರ್ಷವಿಡೀ ಹೂವಿರುತ್ತದೆ. ಪ್ರತಿದಿನದ ದೇವರ ಹೂವಿಗೆ ಅದೇ ಆಧಾರ. ಗುಡ್ಡೆಯ ಕೇಪುಳ ಆಳೆತ್ತರ ದಾಟಿ ಹರಡುತ್ತದೆ, ಇಕ್ಕಟ್ಟಾದ ಅಂಗಳದಲ್ಲಿ ಅದನ್ನು ಕತ್ತರಿಸುತ್ತಲೇ ಇರಬೇಕಾಗುತ್ತದೆ.

ಕತ್ತರಿಸುವ ವಿಷಯದಲ್ಲಿ ನಾವು ಅನುಭವಿಸಿದ್ದು ಸಾಕಷ್ಟಿದೆ. ತಿಂಗಳಿಗೆ 1,200 ರೂಪಾಯಿಗೆ ಬರುತ್ತಿದ್ದ ಮಾಲಿ ಬೇಲಿಯನ್ನು ಸಮ ಮಾಡುವ ಹುರುಪಿನಲ್ಲಿ ಪ್ರತಿ ಸಲವೂ ತುದಿಗಳನ್ನು ಸವರುತ್ತಿದ್ದ. ಕೇಪುಳದ ಗೊಂಚಲು ಬರುವುದೇ ಕೊಂಬೆಯ ತುದಿಯಲ್ಲಿ. ಎಷ್ಟು ಹೇಳಿದರೂ ಅವನು ಕೇಳಲಿಲ್ಲ, ಒಂದಿಡೀ ಬೇಸಿಗೆ ಹಸಿರು ಗೋಡೆಯನ್ನಷ್ಟೇ ನೋಡಿದೆವು. ಹೂ ಬಾಡಿದ ಗೊಂಚಲಿನ ಕೆಳಗೆ ಒಂದು ಗೆಣ್ಣು ಬಿಟ್ಟು ಕೈಯಿಂದ ಚಿವುಟಿದರೆ ಸಾಕು; ಅಲ್ಲಿಂದ ಎರಡು ಚಿಗುರು ಹೊರಡುತ್ತವೆ.

ಮೂಡುಬಿದಿರೆಯಿಂದ

ನಮ್ಮ ಮನೆಯಲ್ಲಿ ಅಜ್ಜಿಯ ಕಾಲದಿಂದಲೂ ಕೇಪುಳಕ್ಕೆ ಸುಡುಮಣ್ಣು (ತರಗೆಲೆಯ ಜೊತೆ ಸುಟ್ಟ ಮಣ್ಣು) ಮತ್ತು ಬಚ್ಚಲೊಲೆಯ ಬೂದಿ ಬಿಟ್ಟು ಬೇರೇನೂ ಹಾಕಿಲ್ಲ. ಅಂಗಡಿಯ ಪೊಟ್ಟಣಗಳಿಗೆ ಹಣ ಸುರಿದವರು ಹಿರಿಯರನ್ನು ಕೇಳಿದ್ದರೆ ಸಾಕಿತ್ತು. ನಮಗೆ ಕಾಟ ಕೊಟ್ಟದ್ದು ಶಲ್ಕ ಕೀಟ ಮಾತ್ರ. ಎಲೆಯ ಅಡಿಯಲ್ಲಿ, ನಡುನರದ ಇಕ್ಕೆಲಗಳಲ್ಲಿ ಕಂದು ಹರಳುಗಳಂತೆ ಅಂಟಿಕೊಂಡು ರಸ ಹೀರುತ್ತವೆ. ಅವು ಸ್ರವಿಸುವ ಸಿಹಿ ಅಂಟಿಗೆ ಇರುವೆಗಳ ಸಾಲು, ಅದರ ಮೇಲೆ ಮಸಿಯಂತಹ ಕಪ್ಪು ಬೂಷ್ಟು. ಬೇವಿನ ಎಣ್ಣೆಗೆ ಸಾಬೂನಿನ ನೀರು ಕದಡಿ ಎಲೆಯ ಅಡಿಭಾಗಕ್ಕೆ ತಾಗುವಂತೆ ಹೊಡೆಯಬೇಕು, ಇರುವೆ ಹತ್ತದಂತೆಯೂ ನೋಡಿಕೊಳ್ಳಬೇಕು. ಹೂವನ್ನು ತಂಬುಳಿಗೆ ಬಳಸುವ ಮನೆಯವರು ಇದಕ್ಕಿಂತ ಕಟುವಾದ ಔಷಧಿಯ ತಂಟೆಗೆ ಹೋಗಲೇಬಾರದು.

ಮಣಿಪಾಲದಿಂದ

ಬೂದಿಯ ಸಲಹೆಯನ್ನು ಪ್ರಶ್ನೆ ಕೇಳಿದವರು ದಯವಿಟ್ಟು ಪಾಲಿಸಬಾರದು. ಬೂದಿಯಲ್ಲಿ ಪೊಟಾಷ್ ಇದೆ, ನಮ್ಮ ಮುರಕಲ್ಲು ಮಣ್ಣಿನಲ್ಲಿ ಅದು ಕಡಿಮೆ ಎಂಬುದೂ ನಿಜ. ಆದರೆ ಬೂದಿ ಕ್ಷಾರ. ಮೂಡುಬಿದಿರೆಯವರ ಹಳೆಯ ಹಿತ್ತಿಲಿನ ಹುಳಿ ಮಣ್ಣು, ವರ್ಷಾವರ್ಷ ಸುರಿಯುವ ಮಳೆಗೆ ತೊಳೆದುಹೋಗುವ ಮಣ್ಣು, ಅದನ್ನು ತಾಳಿಕೊಂಡಿದೆ. ಸಿಮೆಂಟಿನ ಕಸ ತುಂಬಿದ ಗೋಡೆಯ ಬುಡಕ್ಕೆ ಬೂದಿ ಸುರಿದರೆ ಉಳಿದ ಹಸಿರೂ ಹೋಗುತ್ತದೆ.

ಮೂಡುಬಿದಿರೆಯಿಂದ

ಹಿರಿಯರ ಪದ್ಧತಿಯನ್ನು ಟೀಕಿಸಲು ನಿಮಗೆ 9,000 ಖರ್ಚು ಮಾಡಿದ ಅನುಭವವೊಂದೇ ಸಾಕೆಂದು ನಾನು ಒಪ್ಪುವುದಿಲ್ಲ. ನಮ್ಮ ಗಿಡಗಳು ಇನ್ನೂ ಹೂ ಬಿಡುತ್ತಿವೆ.

ಕುಲಶೇಖರ, ಮಂಗಳೂರು

ಎಲ್ಲರಿಗೂ ವಂದನೆಗಳು. ಇವತ್ತು ಗೋಡೆಯ ಬದಿಯಲ್ಲಿ ಹಾರೆ ಹಾಕಿ ನೋಡಿದೆ. ಒಂದು ಗೇಣು ಇಳಿಯುವಷ್ಟರಲ್ಲಿ ಗಾರೆಯ ಗಟ್ಟಿಗಳು ಸಿಕ್ಕಿದವು. ಅರ್ಧ ದಿನದ ಬಿಸಿಲು ಸಾಕೇ ಎಂಬುದಕ್ಕೆ ಮಾತ್ರ ಇನ್ನೂ ಯಾರೂ ಉತ್ತರಿಸಿಲ್ಲ.

ಕಾರ್ಕಳದಿಂದ

ಮಧ್ಯಾಹ್ನದವರೆಗಿನ ಬಿಸಿಲು ಸಾಕು. ಇಡೀ ದಿನ ನೆರಳಿದ್ದರೆ ಮಾತ್ರ ಬರೀ ಎಲೆ ಬೆಳೆಯುತ್ತದೆ. ಗೋಡೆಗೆ ತಾಗಿಸದೆ ಮೂರಡಿ ಈಚೆಗೆ ಗುಂಡಿ ತೆಗೆಸಿ, ಕಸವನ್ನೆಲ್ಲ ಹೊರಗೆ ಹಾಕಿಸಿ. ಗೂಟಿ ಗಿಡ ಬೇಕಿದ್ದರೆ ಆಟಿ ತಿಂಗಳು (ಜುಲೈ-ಆಗಸ್ಟ್) ಕಳೆದ ಮೇಲೆ ಬನ್ನಿ, ನಾಲ್ಕನ್ನು ಕೊಡುತ್ತೇನೆ, ಹಣ ಬೇಡ. ಹಳದಿಯಾದ ಆ ಎರಡನ್ನು ತೆಗೆದುಬಿಡಿ.

ಸುರತ್ಕಲ್‌ನಿಂದ

ತೆಗೆದು ಎಸೆಯಬೇಡಿ. ಬೇರಿನ ಮಣ್ಣು ಒಡೆಯದಂತೆ ಎತ್ತಿ, ಕೆಂಪು ಮಣ್ಣು ಮತ್ತು ಹಳೆಯ ಸೆಗಣಿ ಗೊಬ್ಬರ ತುಂಬಿದ ಕುಂಡದಲ್ಲಿ ಇಡಿ. ಹೊಸ ಚಿಗುರು ಹಸಿರಾಗಿಯೇ ಬರುತ್ತದೆ, ಬಂದ ಮೇಲೆ ಇಲ್ಲಿ ಬರೆಯಿರಿ. ತಪ್ಪು ನರ್ಸರಿಯ ಗಿಡದ್ದೋ, ಗೋಡೆಯ ಬುಡದ ಗಾರೆಯದ್ದೋ ಎಂಬುದನ್ನು ಕಾರ್ಕಳದವರೂ ನೋಡಲಿ.