ಕಾಡು, ಕಾಫಿ ತೋಟ, ಜೋಳದ ಹೊಲ: ಇ.ಟಿ. ಲೆಕ್ಕಕ್ಕೆ ಒಂದೇ ಸೂತ್ರ ಸಾಕೇ?

ಪ್ರಶ್ನೆ – ಮೂಡಿಗೆರೆ ಬೆಳೆಗಾರ
ಹೇಮಾವತಿಗೆ ಸೇರುವ ಹಳ್ಳವೊಂದರ ದಂಡೆಯಲ್ಲಿ ನಮ್ಮ ಕಾಫಿ ತೋಟವಿದೆ, ಅದರ ಮೇಲ್ಭಾಗದಲ್ಲಿ ಕಾಡಿದೆ. ಬೇಲೂರಿನ ಕಡೆ ಮುಸುಕಿನ ಜೋಳದ ಹೊಲವೂ ಇದೆ. ಮಾರ್ಚಿಯಲ್ಲಿ ಹೂವಿಗೆ ಸ್ಪ್ರಿಂಕ್ಲರ್ ಹಾಯಿಸುವ ಹೊತ್ತಿಗೆ ತೋಟದ ಕೆರೆಯಲ್ಲಿ ನೀರು ಎಷ್ಟು ಉಳಿಯಬಹುದೆಂದು ಅಂದಾಜಿಸಬೇಕಾಗಿದೆ. ನೆಲದಿಂದ ಆವಿಯಾಗುವ ಹಾಗೂ ಎಲೆಗಳಿಂದ ಹೊರಹೋಗುವ ನೀರಿನ ಮೊತ್ತವನ್ನು, ಅಂದರೆ ಇ.ಟಿ.ಯನ್ನು, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಕೈಪಿಡಿಯಾದ ಎಫ್‌ಎಒ 56ರ ಪೆನ್‌ಮನ್-ಮಾಂಟೀತ್ ಸೂತ್ರದಿಂದ ಪಡೆದು ಬೆಳೆ ಗುಣಾಂಕದಿಂದ (ಆಧಾರದ ಹುಲ್ಲಿಗಿಂತ ಬೆಳೆ ಎಷ್ಟು ಪಟ್ಟು ನೀರು ಬಿಡುತ್ತದೆಂಬ ಅಂಕಿಯಿಂದ) ಗುಣಿಸಿದರೆ ಮೂರಕ್ಕೂ ಸಾಕೇ? ಕಾಡಿಗೆ ಯಾವ ಗುಣಾಂಕ ಹಿಡಿಯಬೇಕು?

ಉತ್ತರ – ಹಾಸನದ ಜಲವಿಜ್ಞಾನ ವಿದ್ಯಾರ್ಥಿ
ಸರ್, ಜೋಳದ ಹೊಲಕ್ಕೆ ಆ ದಾರಿ ಸರಿಯಾಗಿದೆ. 1998ರ ಆ ಕೈಪಿಡಿ ನೀರಿನ ಕೊರತೆಯಿಲ್ಲದ, 12 ಸೆಂ.ಮೀ. ಎತ್ತರದ ಹುಲ್ಲನ್ನು ಆಧಾರವಾಗಿಟ್ಟುಕೊಂಡಿದೆ. ಜೋಳ ತುಂಬಿ ನಿಂತಾಗ ಗುಣಾಂಕ 1.20. ಮಳೆ ಕೈಕೊಟ್ಟು ಮಣ್ಣು ಒಣಗಿದ ದಿನಗಳಲ್ಲಿ ಮಾತ್ರ ಅದನ್ನು ತಗ್ಗಿಸಿಕೊಳ್ಳಬೇಕು.

ಕಾಫಿಗೆ ಅದೇ ಪಟ್ಟಿಯಲ್ಲಿ ಕಳೆಯಿಲ್ಲದ ನೆಲಕ್ಕೆ 0.95, ಕಳೆಯಿದ್ದರೆ 1.10 ಎಂದಿದೆ. ಆದರೆ ಸಿಲ್ವರ್ ಓಕ್, ಹಾಲುವಾಣ, ಅತ್ತಿ ಮರಗಳು ಮೇಲೆ ಹರಡಿರುವ ನಮ್ಮ ತೋಟಗಳಿಗೆ ಆ ಅಂಕಿಯನ್ನು ಹಾಗೆಯೇ ಹಾಕುವುದು ನನಗೆ ಸರಿಕಾಣುವುದಿಲ್ಲ, ಏಕೆಂದರೆ ಅಲ್ಲಿ ನೀರೆಳೆಯುವುದು ಕಾಫಿ ಗಿಡವೊಂದೇ ಅಲ್ಲ. ಕಾಡಿನಲ್ಲಿ ತೊಡಕು ಇನ್ನೂ ಹೆಚ್ಚು. ಮುಂಗಾರಿನಲ್ಲಿ ಎಲೆ, ಕೊಂಬೆ, ಪಾಚಿಗಳ ಮೇಲೆ ನಿಂತ ನೀರು ನೆಲ ಮುಟ್ಟದೆಯೇ ಆವಿಯಾಗುತ್ತದೆ. ಸೂತ್ರವು ಹುಲ್ಲಿಗೆ ಪ್ರತಿ ಮೀಟರಿಗೆ 70 ಸೆಕೆಂಡಿನ ಮೇಲ್ಮೈ ರೋಧವನ್ನು, ಅಂದರೆ ಆವಿ ಹೊರಬರಲು ಎದುರಾಗುವ ತಡೆಯನ್ನು, ಇಟ್ಟುಕೊಂಡರೆ, ಒದ್ದೆಯಾದ ಎಲೆಯಲ್ಲಿ ಆ ರೋಧ ಸೊನ್ನೆಗೆ ಹತ್ತಿರವಾಗುತ್ತದೆ. ಎತ್ತರದ, ಏರುತಗ್ಗಿನ ಮರಗಳ ನೆತ್ತಿಯಲ್ಲಿ ಗಾಳಿಯ ಕಲಕಾಟ ಜೋರಾಗಿರುವುದರಿಂದ ಮೋಡ ಮುಸುಕಿದ ದಿನವೂ ನೀರು ಹಾರುತ್ತದೆ. ಬೇಸಿಗೆಯಲ್ಲಾದರೋ ಆಳದ ಬೇರುಗಳು, ಮೇಲ್ಮಣ್ಣು ಒಣಗಿದ ಮೇಲೂ, ನೀರೆತ್ತುತ್ತಲೇ ಇರುತ್ತವೆ. ಇವೆರಡನ್ನೂ ಒಂದೇ ಗುಣಾಂಕದಲ್ಲಿ ಅಡಗಿಸಲಾಗದು.

ಉತ್ತರ – ಸಕಲೇಶಪುರದ ಓದುಗರು
ಹಾಗಿದ್ದರೆ ಅಳೆದೇ ನೋಡಬೇಕು. ಮರದಡಿ ಉದ್ದನೆಯ ತಗಡಿನ ದೋಣಿಗಳನ್ನು ಓರೆಯಾಗಿಟ್ಟು ಕ್ಯಾನಿಗೆ ನೀರಿಳಿಸಿ. ಕಾಂಡದ ಸುತ್ತ ರಬ್ಬರ್ ಪಟ್ಟಿ ಬಿಗಿದು ಕಾಂಡದ ಮೇಲೆ ಇಳಿದುಬರುವ ನೀರನ್ನೂ ಹಿಡಿಯಿರಿ. ಬಯಲಿನ ಮಳೆಮಾಪಕದಲ್ಲಿ ದೊರೆತದ್ದರಿಂದ ಈ ಎರಡನ್ನೂ ಕಳೆದರೆ ಮರದ ನೆತ್ತಿಯಲ್ಲೇ ಹಾರಿಹೋದ ಪಾಲು ಸಿಗುತ್ತದೆ. ಒಂದೇ ಕಡೆ ಇಡಬೇಡಿ, ಎಲೆಯ ತುದಿಯಿಂದ ನೀರು ಧಾರೆಯಾಗಿ ಬೀಳುವ ಜಾಗವೂ ಒಣಗಿಯೇ ಉಳಿಯುವ ಜಾಗವೂ ಒಂದು ಮಾರಿನೊಳಗೇ ಇರುತ್ತವೆ.

ಇಡೀ ಜಲಾನಯನಕ್ಕೆ ಮಳೆಯಿಂದ ಹಳ್ಳದ ಹರಿವನ್ನು ಕಳೆದು ಇ.ಟಿ. ಪಡೆಯುವ ಲೆಕ್ಕವೂ ಉಂಟು. ಬೇಸಿಗೆಯ ಕೊನೆಯಿಂದ ಮರು ಬೇಸಿಗೆಯ ಕೊನೆಯವರೆಗೆ ಹಿಡಿದರೆ ಮಣ್ಣಿನಲ್ಲುಳಿದ ನೀರಿನ ವ್ಯತ್ಯಾಸ ಚಿಕ್ಕದಾಗುತ್ತದೆ. ಆದರೆ 3000 ಮಿ.ಮೀ. ಮಳೆಯಲ್ಲಿ 2000 ಮಿ.ಮೀ. ಹರಿದುಹೋಗಿದೆ ಎಂದುಕೊಳ್ಳಿ, ಮಳೆಯ ಅಳತೆಯಲ್ಲಿ ಶೇ. 5ರ ತಪ್ಪು ಉಳಿದ 1000ದಲ್ಲಿ ಶೇ. 15 ಆಗುತ್ತದೆ. ಗಾಳಿ ಬೀಸುವ ದಿಬ್ಬದಲ್ಲಿ ಮಾಪಕವು ಮಳೆಯನ್ನು ಕಡಿಮೆಯೇ ತೋರಿಸುತ್ತದೆ.

ಪ್ರಶ್ನೆ ಕೇಳಿದವರು
ತುಂಬಾ ಉಪಕಾರವಾಯಿತು. ಉಪಗ್ರಹಗಳಲ್ಲಿರುವ ಮೋಡಿಸ್ ಎಂಬ ಉಪಕರಣದ ಇ.ಟಿ. ದತ್ತಾಂಶವನ್ನು ಇದರ ಜೊತೆಗಿಡಬಹುದೇ?

ಉತ್ತರ – ಹಾಸನದ ಜಲವಿಜ್ಞಾನ ವಿದ್ಯಾರ್ಥಿ
ತಾಳೆನೋಡಲು ಇಡಬಹುದು, ನಿರ್ಧಾರಕ್ಕಲ್ಲ. ಆ ದತ್ತಾಂಶದ 500 ಮೀಟರಿನ ಒಂದು ಚೌಕದಲ್ಲಿ ಐವತ್ತು ಎಕರೆಗೂ ಮಿಕ್ಕಿ ನೆಲವಿರುವುದರಿಂದ ನಿಮ್ಮ ತೋಟವೂ ಅದರ ಮೇಲಿನ ಕಾಡೂ ಬೆರೆತುಹೋಗುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದಿರುವಾಗ ಎಲೆಗಳ ನೇರ ನೋಟವೂ ವಿರಳ. ಕೆರೆಯ ಲೆಕ್ಕಕ್ಕೆ ಡಿಸೆಂಬರಿನಿಂದಲೇ ವಾರಕ್ಕೊಮ್ಮೆ ಹಳ್ಳದ ಹರಿವನ್ನೂ ಕೆರೆಯ ಮಟ್ಟವನ್ನೂ ಬರೆದಿಡಿ. ಮಳೆಯಿಲ್ಲದ ಆ ತಿಂಗಳುಗಳಲ್ಲಿ ಹರಿವು ಇಳಿಯುವ ವೇಗವೇ ನಿಮ್ಮ ಅಂದಾಜಿಗೆ ಹೆಚ್ಚು ಆಧಾರ ಕೊಡುತ್ತದೆ.